ಕಾಲು ತುಳಿಯದ ಜಾಗ

ಶುಕ್ರವಾರ ಬೆಳಿಗ್ಗೆ ಅವರೇಕಾಳು ಹಿತುಕುತ್ತಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಚಳಿಗಾಲದಲ್ಲಿ ಇಲ್ಲಿ ಬಹ್ರೇನಿನ ಮನಾಮಾದ ಒಂದು ಅಂಗಡಿಗೆ ಊರಿನಿಂದ ವಿಮಾನದಲ್ಲಿ ಅವರೇಕಾಯಿ ಬರುತ್ತದೆ. ಬಂದ ದಿನವೇ ಹೋಗದಿದ್ದರೆ ಸಿಗುವುದಿಲ್ಲ. ಹಿಂದಿನ ದಿನ ನಮ್ಮೆಜಮಾನರು ಹಿದ್‌ನ ಬಂದರಿನ ಕೆಲಸ ಮುಗಿಸಿ ಬರುವಾಗ ಎರಡು ಕಿಲೋ ತಂದಿದ್ದರು. ಸುಲಿದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಹೊರಗೆ ರಾತ್ರಿಯೆಲ್ಲ ಮಳೆ ಬಂದಿತ್ತು. ವರ್ಷಕ್ಕೆ ನಾಲ್ಕಾರು ಸಲ ಬರುವ ಮಳೆ. ಬೆಚ್ಚಗಿನ ಮನೆ, ರಜೆಯ ದಿನ, ಮಲಗಿರುವ ಗಂಡ ಮಗಳು, ಮುಂದೆ ಒಂದು ಬುಟ್ಟಿ ಅವರೆ: ಇಷ್ಟು ಕೊಟ್ಟಿದ್ದಾನಲ್ಲಪ್ಪ ದೇವರು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ನನಗೆ ಆ ಅಭ್ಯಾಸವಿದೆ. ಸಿಕ್ಕ ಸಣ್ಣಪುಟ್ಟದ್ದನ್ನೆಲ್ಲ ಲೆಕ್ಕ ಹಾಕಿ, ಸಂಜೆ ದೀಪದ ಮುಂದೆ ನಿಂತು ದೇವರಿಗೆ ಒಪ್ಪಿಸುತ್ತೇನೆ.

ಆಗ ಬೆಲ್ಲಾಯಿತು. ಬಾಗಿಲಲ್ಲಿ ನಮ್ಮ ಕಾಂಪೌಂಡಿನ ಕಾವಲಿನವನು. ಇಲ್ಲಿ ಅವರನ್ನು ನಾತೂರ್ ಅನ್ನುತ್ತಾರೆ. ಅವನು ಹಿಂದಿಯಲ್ಲಿ ಹೇಳಿದ: "ಮೇಡಂ, ಮೇಲಿನ ಮನೆ ಆಂಟಿ ಬಿದ್ದುಬಿಟ್ಟಿದ್ದಾರೆ. ಮೆಟ್ಟಿಲ ಮೇಲೆ. ಕೈ ಹೋಗಿದೆ ಅನ್ನಿಸುತ್ತೆ."

ಕೈಯಲ್ಲಿದ್ದ ಕಾಳು ಕೈಯಲ್ಲೇ ಇತ್ತು. ಅವನು "ಮೆಟ್ಟಿಲು" ಅಂದ ತಕ್ಷಣ ನನಗೆ ಗೊತ್ತಾಗಿಬಿಟ್ಟಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಗೊತ್ತಾಯಿತು, ನಿಧಾನವಾಗಿ ಹೊಳೆಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ನಾವಿರುವುದು ರಿಫಾದ ಒಂದು ಹಳೆಯ ವಿಲ್ಲಾದಲ್ಲಿ. ಅದನ್ನು ನಾಲ್ಕು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಮಾಲೀಕರು ವಯಸ್ಸಾದ ಬಹ್ರೇನಿ, ಹಿಂದಿನ ಮನೆಯಲ್ಲೇ ಇರುತ್ತಾರೆ. ನಮ್ಮ ಮುಂಬಾಗಿಲಿಗೆ, ಮೇಲಿನ ಮನೆಯವರೂ ಓಡಾಡುವ ಬಿಳಿ ಮಾರ್ಬಲ್ಲಿನ ಮೂರು ಮೆಟ್ಟಿಲು, ಪಕ್ಕದಲ್ಲಿ ಸೊಂಟದೆತ್ತರ ಕಟ್ಟಿದ ಮಣ್ಣಿನ ಪಾತಿ, ಅದರಲ್ಲಿ ಒಂದು ದಾಸವಾಳ. ಮೇಲಿನ ಮನೆಯ ಆಂಟಿ ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ನರ್ಸು, ಗಂಡ ಇಲ್ಲ. ಇಲ್ಲಿ ಬಂದು ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಹಿಂದಿನ ಚಳಿಗಾಲವನ್ನು ಮಗಳ ಬಾಣಂತನಕ್ಕೆಂದು ಕೆನಡಾದಲ್ಲಿ ಕಳೆದು ಬಂದಿದ್ದರು. ಬಂದಾಗಿನಿಂದ ಅಲ್ಲಿಯ ಮಂಜುಗಡ್ಡೆಯ ಕಥೆಯೇ ಕಥೆ.

"ಫುಟ್‌ಪಾತ್ ಇಡೀ ಗಾಜಿನ ಹಾಗೆ ಮಾರಾಯ್ತಿ. ಬಾತುಕೋಳಿ ಹಾಗೆ ನಡೀಬೇಕು, ಹೀಗೆ," ಅಂತ ನಮ್ಮ ಹಾಲಿನಲ್ಲಿ ಕಾಲು ಅಗಲ ಮಾಡಿ ನಡೆದು ತೋರಿಸಿದ್ದರು. "ಬೆಳಿಗ್ಗೆ ಎದ್ದ ಕೂಡ್ಲೆ ಅಳಿಯ ಬಾಲ್ದಿ ತುಂಬ ಉಪ್ಪು ತಕ್ಕೊಂಡು ಹೋಗಿ ಮೆಟ್ಲಿಗೆ ಬಿಸಾಡ್ತಾನೆ. ಐಸ್ ಕರಗ್ಲಿಕ್ಕೆ."

"ಉಪ್ಪನ್ನಾ? ಅದರ ಮೇಲೆ ಕಾಲಿಟ್ಟು ನಡೀತಾರಾ ಆಂಟಿ?" ಅಂತ ನಾನು ಬಾಯಿ ಬಿಟ್ಟಿದ್ದೆ. ನಮ್ಮ ತುಮಕೂರು ಕಡೆ ಉಪ್ಪು ಕೆಳಗೆ ಚೆಲ್ಲಿದರೆ ಬಳಿದು ನೀರಿಗೆ ಹಾಕುತ್ತೇವೆ ಹೊರತು ತುಳಿಯುವುದಿಲ್ಲ.

"ನಡೀದಿದ್ರೆ ಬೀಳ್ತಾರೆ! ನಿಂದೊಂದು ಮಡಿ. ನಾನು ನೋಡು, ನಾಲ್ಕು ತಿಂಗಳು ಇದ್ದೆ, ಒಂದೇ ಒಂದು ಸಲ ಬೀಳ್ಲಿಲ್ಲ."

ಅಂಥವರು ಮಂಜುಗಡ್ಡೆಯನ್ನೇ ಕಾಣದ ಈ ಊರಿನಲ್ಲಿ ನನ್ನ ಮನೆ ಮುಂದೆ ಬಿದ್ದಿದ್ದರು.

ಅದು ಧನುರ್ಮಾಸ. ನಾನು ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ, ಹೊಸ್ತಿಲು ಸಾರಿಸಿ, ದೀಪ ಹಚ್ಚಿ, ಹುಗ್ಗಿ ನೈವೇದ್ಯ ಮಾಡುತ್ತೇನೆ. ಒಳಗೆ ದೇವರ ಗೂಡಿನಲ್ಲಿ ದೀಪ, ಹೊರಗೆ ಬಾಗಿಲ ಎರಡು ಪಕ್ಕ ಎರಡು ಹಣತೆ. ಅತ್ತೆಯ ಮನೆಯ ಪದ್ಧತಿಯಂತೆ ಕಾರ್ತಿಕದಿಂದ ಧನುರ್ಮಾಸ ಮುಗಿಯುವವರೆಗೆ ಕೊಬ್ಬರಿ ಎಣ್ಣೆಯೇ ಆಗಬೇಕು. ದೀಪದಲ್ಲಿ ಉಳಿದ ಎಣ್ಣೆ, ಕರಕಲು ಬತ್ತಿ ಇವನ್ನು ಎಂಜಲು ತೊಳೆಯುವ ಸಿಂಕಿಗೆ ಹಾಕಬಾರದು, ಕಸದ ಬುಟ್ಟಿಗೂ ಹಾಕಬಾರದು. ಯಾರ ಕಾಲೂ ತುಳಿಯದ ಜಾಗದಲ್ಲಿ, ಗಿಡದ ಬುಡಕ್ಕೆ ಹಾಕಬೇಕು. ಚಿಕ್ಕಂದಿನಿಂದ ಕೇಳಿದ ಮಾತು. ಊರಿನಲ್ಲಿ ಹಿತ್ತಿಲಿರುತ್ತದೆ, ತೊಂದರೆಯಿಲ್ಲ. ಇಲ್ಲಿ ಇರುವುದು ಅದೊಂದೇ ದಾಸವಾಳದ ಪಾತಿ. ಎರಡು ವಾರ ಉಳಿದ ಎಣ್ಣೆಯನ್ನೆಲ್ಲ ಒಂದು ಸ್ಟೀಲಿನ ಬಟ್ಟಲಿಗೆ ಬಗ್ಗಿಸಿ ಇಟ್ಟುಕೊಂಡಿದ್ದೆ. ಚಳಿಗೆ ಅದು ತುಪ್ಪದ ಹಾಗೆ ಗಟ್ಟಿಯಾಗಿತ್ತು. ಗುರುವಾರ ಸಂಜೆ ಸ್ಟೌವಿನ ಮೇಲೆ ಕರಗಿಸಿ ತಂದು ಗಿಡದ ಬುಡಕ್ಕೆ ಸುರಿದೆ.

ಮಣ್ಣು ಕಲ್ಲಿನಂತಿತ್ತು. ಎಣ್ಣೆ ಇಂಗಲಿಲ್ಲ. ಪಾತಿಯ ಬದಿಯಲ್ಲಿ ನೀರು ಹೋಗಲಿಕ್ಕೆ ಒಂದು ತೂತಿದೆ. ಅದರಿಂದ ಸಣ್ಣ ಧಾರೆಯಾಗಿ ನಡುವಿನ ಮೆಟ್ಟಿಲಿಗೆ ಇಳಿಯಿತು. ನಾನು ನೋಡಿದೆ. ಒರೆಸಬೇಕು ಅಂದುಕೊಂಡೆ. ದೇವರ ದೀಪದ ಎಣ್ಣೆಯನ್ನು ನೆಲ ಒರೆಸುವ ಬಟ್ಟೆಯಲ್ಲಿ ಹೇಗೆ ಒರೆಸುವುದು, ಬೇರೆ ಬಟ್ಟೆ ಹುಡುಕಬೇಕು, ಅಷ್ಟರಲ್ಲಿ ಮಗಳು ಒಳಗಿನಿಂದ "ಅಮ್ಮಾ, ವೈಫೈ ಹೋಯ್ತು" ಅಂತ ಕೂಗಿದಳು. ಬೆಳಿಗ್ಗೆ ಹೊಸ್ತಿಲು ತೊಳೆಯುವಾಗ ಉಜ್ಜಿದರಾಯಿತು ಅಂತ ಒಳಗೆ ಹೋದೆ. ಬೆಳಿಗ್ಗೆ ಮಳೆ ಇತ್ತು. ಹೊರಗೆ ಹಣತೆ ಇಡಲಿಲ್ಲ, ಬಾಗಿಲನ್ನೇ ತೆಗೆಯಲಿಲ್ಲ. ರಂಗೋಲಿಯನ್ನೂ ಒಳಗೇ ಹಾಕಿದೆ.

ಹೊರಗೆ ಓಡಿ ಹೋಗುವ ಹೊತ್ತಿಗೆ ಆಂಟಿ ಕೊನೆಯ ಮೆಟ್ಟಿಲ ಕೆಳಗೆ ಒಂದು ಪಕ್ಕಕ್ಕೆ ಮಲಗಿದ್ದರು. ಇಗರ್ಜಿಗೆ ಹೊರಟವರು. ಶುಕ್ರವಾರ ಬೆಳಿಗ್ಗೆ ಅವರಿಗೆ ಪೂಜೆ ಇರುತ್ತದೆ. ಕ್ರಿಸ್ಮಸ್ಸಿಗೆ ಒಂದು ವಾರ ಉಳಿದಿತ್ತು, ಪೂಜೆ ಮುಗಿದ ಮೇಲೆ ಹಂಚಲು ಕುಸ್ವಾರಿನ, ಅಂದರೆ ಅವರ ಹಬ್ಬದ ತಿಂಡಿಗಳ ಡಬ್ಬಿ ಹಿಡಿದಿದ್ದರು. ಕರಿದ ಕುಲ್‌ಕುಲ್, ಎಳ್ಳಿನ ನೆವ್ರಿ ಎಲ್ಲ ಮಳೆ ನೀರಿನಲ್ಲಿ ತೇಲುತ್ತಿದ್ದವು. ಅವರ ಪಕ್ಕ ಮಂಡಿಯೂರಿ ಕೂತಿದ್ದವನು ನಮ್ಮ ಕಾರುಗಳನ್ನು ತೊಳೆಯುವ ಭಾಯ್. ಬಾಂಗ್ಲಾದೇಶದವನು, ನಲವತ್ತೈದು ದಾಟಿರಬೇಕು, ಗಡ್ಡಕ್ಕೆ ಮೆಹಂದಿ ಹಚ್ಚಿಕೊಳ್ಳುತ್ತಿದ್ದ. ತನ್ನ ಜಾಕೆಟ್ ಬಿಚ್ಚಿ ಆಂಟಿಯ ತಲೆಯ ಕೆಳಗೆ ಕೊಟ್ಟಿದ್ದ. ತಾನು ಬರಿಯ ಶರಟಿನಲ್ಲಿ ನಡುಗುತ್ತಿದ್ದ.

"ಎಂತ ಇಲ್ಲ, ಎಂತ ಇಲ್ಲ, ಮಣಿಕಟ್ಟು ಮಾತ್ರ," ಅಂತ ಆಂಟಿ ತಾವೇ ನರ್ಸಾಗಿ ಹೇಳುತ್ತಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಚಮಚದ ಹಾಗೆ ಬಾಗಿತ್ತು. ಮುಖ ಬಿಳಿಚಿಕೊಂಡಿತ್ತು.

ನಡುವಿನ ಮೆಟ್ಟಿಲನ್ನು ನೋಡಿದೆ. ಪಾತಿ ತುಂಬಿ ಹರಿದ ನೀರು ಉಳಿದ ಎಣ್ಣೆಯನ್ನೂ ಹೊತ್ತು ತಂದಿತ್ತು. ಚಳಿಗೆ ಅದು ಬಿಳಿಯ ಮಾರ್ಬಲ್ಲಿನ ಮೇಲೆ ಬಿಳಿಯ ಪೊರೆಯಾಗಿ ಹೆಪ್ಪುಗಟ್ಟಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಆಂಟಿಯ ಚಪ್ಪಲಿ ಜಾರಿದ ಗೀರು ಅದರ ಮೇಲೆ ಉದ್ದಕ್ಕೆ ಎದ್ದಿತ್ತು.

ಆಂಬುಲೆನ್ಸ್ ಬಂತು, ಜಾಕೆಟ್ ಸಮೇತ ಆಂಟಿಯನ್ನು ಕರೆದುಕೊಂಡು ಹೋಯಿತು. ಅವರ ಜೊತೆ ನಮ್ಮೆಜಮಾನರು ಹೋದರು. ನಾನು ಒಳಗೆ ಬಂದು ನೀರು ಕಾಯಿಸಿದೆ. ಸೋಪಿನ ಪುಡಿ, ಕಡಲೆಹಿಟ್ಟು, ತೆಂಗಿನ ನಾರು ತಗೊಂಡು ಹೋಗಿ ಮೂರು ಮೆಟ್ಟಿಲನ್ನೂ ತಿಕ್ಕಿ ತೊಳೆದೆ. ಕಡಲೆಹಿಟ್ಟು ಎಣ್ಣೆ ಹೀರುತ್ತದೆ ಅಂತ ಗೊತ್ತಿತ್ತು. ಗುರುತೇ ಉಳಿಯದ ಹಾಗೆ ತೊಳೆದೆ.

ಎದುರು ಮನೆಯ ಹೆಂಗಸೊಬ್ಬರು ಕಿಟಕಿಯಿಂದ ನೋಡಿ "ಎಷ್ಟು ಒಳ್ಳೆಯವರು ನೀವು, ನಾತೂರ್ ಮಾಡೋ ಕೆಲಸ ನೀವು ಮಾಡ್ತಿದ್ದೀರಿ" ಅಂತ ಇಂಗ್ಲಿಷಿನಲ್ಲಿ ಅಂದರು. ನಾನು ನಕ್ಕೆ.

ಅಷ್ಟರಲ್ಲಿ ಗೇಟಿನ ಹತ್ತಿರ ಗಲಾಟೆ ಶುರುವಾಗಿತ್ತು. ಮೆಟ್ಟಿಲು ಒಣಗಿರಬೇಕಾದದ್ದು ನಾತೂರಿನ ಜವಾಬ್ದಾರಿ. ಮಾಲೀಕರು ಕೇಳಿದರೆ ಏನಾದರೂ ಹೇಳಬೇಕಲ್ಲ. ಅವನು ಭಾಯ್‌ನ ಮೇಲೆ ಏರಿ ಹೋಗಿದ್ದ. "ಸೋಪಿನ ನೀರು ಇಲ್ಲಿ ಚೆಲ್ಲಬೇಡ ಅಂತ ಎಷ್ಟು ಸಲ ಹೇಳಿಲ್ಲ? ಮುದುಕಿ ಸತ್ತೇ ಹೋಗಿದ್ದರೆ?"

"ಅಣ್ಣಾ, ಮಳೆ ಬರುತ್ತಿದೆ. ಮಳೆಯಲ್ಲಿ ಯಾರಾದರೂ ಕಾರು ತೊಳೀತಾರಾ? ಆಗಷ್ಟೇ ಬಂದೆ. ಬಕೆಟ್ಟಿಗೆ ನೀರೇ ಹಿಡಿದಿಲ್ಲ."

"ಹಾಗಾದರೆ ಅಲ್ಲಿ ಸೋಪು ಎಲ್ಲಿಂದ ಬಂತು? ಕೈ ಹಾಕಿ ನೋಡಿದೆ, ಜಾರುತ್ತಿತ್ತು!"

ಭಾಯ್ ಸುತ್ತ ನೋಡಿದ. ಕಾರು ನಿಲ್ಲಿಸುವ ತಗಡಿನ ಚಪ್ಪರದ ಕೆಳಗಿದ್ದ ಬಕೆಟ್ ತಂದು, ನನ್ನ ಎದುರು ಬೋರಲು ಹಾಕಿ ತೋರಿಸಿದ. ಒಳಗೆ ಮಡಿಚಿದ ಒಣ ಬಟ್ಟೆ ಇತ್ತು, ಅದು ಕೆಳಗೆ ಬಿತ್ತು. "ಮೇಡಂ, ನೀವೇ ಹೇಳಿ. ಬಕೆಟ್ ಒಣಗಿದೆ. ನೀವು ನೋಡಿದಿರಲ್ಲ?"

ನನ್ನ ಕೈಯಲ್ಲಿ ಇನ್ನೂ ತೆಂಗಿನ ನಾರು ಇತ್ತು.

"ಮುಝೇ ನಹೀ ಮಾಲೂಮ್, ಭಾಯ್," ಅಂದೆ. ನನಗೆ ಗೊತ್ತಿಲ್ಲ. ನಾನು ಒಳಗಿದ್ದೆ.

ಅವನು ಬಟ್ಟೆಯನ್ನು ಎತ್ತಿ ಕೊಡವಿ ಮತ್ತೆ ಬಕೆಟ್ಟಿಗೆ ಹಾಕಿಕೊಂಡ.

ಮಧ್ಯಾಹ್ನ ನಮ್ಮೆಜಮಾನರು ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಹೇಳಿದೆ. ಅಷ್ಟನ್ನಾದರೂ ಮಾಡಿದೆ.

"ರೀ, ಅದು ಸೋಪಲ್ಲ. ನಮ್ಮ ದೀಪದ ಎಣ್ಣೆ."

ಅವರು ಊಟದ ತಟ್ಟೆಯಿಂದ ತಲೆ ಎತ್ತಿದರು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ನೋಡು, ಇದು ಬೇರೆಯವರ ದೇಶ, ಬಾಡಿಗೆ ಮನೆ. ದೀಪ, ಪೂಜೆ ಅಂತ ಶುರು ಮಾಡಿದ್ರೆ ನಾಳೆ ಹೊರಗಡೆ ಏನೂ ಇಡ್ಬೇಡಿ ಅಂತಾರೆ. ಆಮೇಲೆ ನೀನೇ ಅಳ್ತೀಯ."

ನನಗೆ ಅದು ಸರಿ ಅನ್ನಿಸಿತು. ಸರಿ ಅನ್ನಿಸಿತು ಅನ್ನುವುದಕ್ಕಿಂತ ಅದು ಬೇಕಾಗಿತ್ತು. ನಾನು ನನ್ನ ಮಾನ ಕಾಪಾಡಿಕೊಳ್ಳುತ್ತಿಲ್ಲ, ದೇವರ ದೀಪವನ್ನು ಕಾಪಾಡುತ್ತಿದ್ದೇನೆ ಅಂತ ಆಯಿತಲ್ಲ. ಸಂಜೆ ದೀಪದ ಮುಂದೆ ನಿಂತು ಎಂದಿನಂತೆ ಬೆರಳು ಮಡಿಚಿದೆ. ಆಂಟಿಗೆ ಸೊಂಟ ಮುರಿಯಲಿಲ್ಲ, ಬರಿಯ ಮಣಿಕಟ್ಟು. ಒಂದು. ತಲೆಗೆ ಪೆಟ್ಟಾಗಲಿಲ್ಲ. ಎರಡು. ನಾನು ಎಣ್ಣೆ ಸುರಿದದ್ದನ್ನು ಯಾರೂ ನೋಡಲಿಲ್ಲ. ಮೂರು.

ಆ ಮೂರನೆಯ ಬೆರಳನ್ನು ಮಡಿಚಿದ್ದು ಈಗಲೂ ನೆನಪಿದೆ. ಕೃಪೆ ಅಂತಲೇ ಮಡಿಚಿದೆ. ಅರವತ್ತು ರಾಮಕೋಟಿ ಪುಸ್ತಕ ಬರೆದವಳು ನಾನು, ದೇವರು ನನ್ನ ಸುಳ್ಳಿಗೆ ಕಾವಲು ನಿಂತ ಅಂತ ಅವನಿಗೇ ಕೈ ಮುಗಿದೆ.

ಮಾರನೆಯ ದಿನದಿಂದ ಭಾಯ್ ಕಾಣಲಿಲ್ಲ. ಮಾಲೀಕರು ಬರಬೇಡ ಅಂದಿದ್ದಾರೆ ಅಂತ ನಾತೂರ್ ಹೇಳಿದ. ನಮ್ಮ ಬೀದಿಯ ಏಳೆಂಟು ಮನೆಯ ಕಾರುಗಳನ್ನು ಅವನೇ ತೊಳೆಯುತ್ತಿದ್ದ. ಅವರಿಗೆಲ್ಲ ತಾನೇ ಹೋಗಿ ತಿಳಿಸಿ ಬಂದೆ ಅಂತ ನಾತೂರ್ ದೊಡ್ಡಸ್ತಿಕೆಯಿಂದ ಅಂದ. "ಅಂಥವನನ್ನು ಒಳಗೆ ಬಿಡಬಾರದು ಮೇಡಂ. ಈಗ ಟುಬ್ಲಿಯಲ್ಲಿ ಯಾವುದೋ ಗ್ಯಾರೇಜಿನಲ್ಲಿ ಲಾರಿಗಳ ಅಡಿಭಾಗ ತೊಳೀತಾನಂತೆ."

ನಾನು ಆಂಟಿಯ ಸೇವೆಗೆ ಬಿದ್ದೆ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅನ್ನ ಸಾರು, ಸಂಜೆ ತಲೆ ಬಾಚುವುದು. ಅವರು ಹಬ್ಬದ ಕುಸ್ವಾರ್ ಅರ್ಧಕ್ಕೇ ನಿಂತಿತು ಅಂತ ಪೇಚಾಡಿಕೊಂಡಾಗ ನಾನೇ ಮಾಡಿಕೊಡುತ್ತೇನೆ ಅಂದೆ. ಅವರು ಕುರ್ಚಿಯ ಮೇಲೆ ಕೂತು ಅಧಿಕಾರ ನಡೆಸಿದರು.

"ಹಿಟ್ಟನ್ನು ಬಾಚಣಿಗೆ ಮೇಲೆ ಒತ್ತಿ ಸುರುಳಿ ಸುತ್ತು. ಅಷ್ಟು ದೊಡ್ಡದಲ್ಲ ಮಾರಾಯ್ತಿ, ಅದು ಕುಲ್‌ಕುಲ್, ನಿಮ್ಮ ಕಡುಬಲ್ಲ!"

ನೋಡಲು ಬಂದವರಿಗೆಲ್ಲ ಎಡಗೈಯಲ್ಲಿ ನನ್ನನ್ನು ತೋರಿಸುತ್ತಿದ್ದರು. "ಇವಳು ಇಲ್ಲದಿದ್ರೆ ನಾನು ಎಂತ ಮಾಡ್ತಿದ್ದೆ? ಸ್ವಂತ ತಂಗಿ ಸಹ ಇಷ್ಟು ಮಾಡ್ಲಿಕ್ಕಿಲ್ಲ." ಅವರು ಹಾಗೆ ಅಂದಾಗಲೆಲ್ಲ ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಆದರೂ ಹೇಳಲಿಲ್ಲ. ಕ್ರಿಸ್ಮಸ್ ಕಳೆಯಲಿ, ಹಬ್ಬದ ಮುಂದೆ ಯಾಕೆ ಅಂತ ಒಂದು ನೆಪ. ಕ್ರಿಸ್ಮಸ್ ಕಳೆಯಿತು. ಆಮೇಲೆ ನೋವು ಕಡಿಮೆಯಾಗಲಿ ಅಂತ.

ಕ್ರಿಸ್ಮಸ್ಸಾಗಿ ಮೂರು ದಿನ ಬಿಟ್ಟು ಆಂಟಿ ಕಪಾಟಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ಕಾಲಿನಲ್ಲೇ ಮುಂದೆ ತಳ್ಳಿದರು. "ಇದು ಅವನ ಜಾಕೆಟ್. ಆಂಬುಲೆನ್ಸಿನಲ್ಲಿ ನನ್ನ ಒಟ್ಟಿಗೇ ಬಂತು. ನನ್ನನ್ನು ಬೀಳಿಸಿದವನೂ ಅವನೇ, ಎತ್ತಿದವನೂ ಅವನೇ. ಬೈಬೇಕಾ, ಥ್ಯಾಂಕ್ಸ್ ಹೇಳ್ಬೇಕಾ, ನಂಗೆ ಗೊತ್ತಾಗುದಿಲ್ಲ. ಆದ್ರೆ ಚಳಿ ಉಂಟಲ್ಲ, ಪಾಪ. ಒಮ್ಮೆ ತೊಳ್ದು ಕೊಡ್ತೀಯಾ? ನಾತೂರ್ ಹತ್ರ ಕಳಿಸುವ."

ಮನೆಗೆ ತಂದು ಬಕೆಟ್ಟಿನಲ್ಲಿ ನೆನೆಸಲು ಬಿಡಿಸಿದೆ. ಹಳೆಯ ನೀಲಿ ಜಾಕೆಟ್, ಒಳಗಿನ ಅಸ್ತರಿಗೆ ಕೈಹೊಲಿಗೆಯ ತೇಪೆ. ಬಲತೋಳಿನ ಮೇಲೆ ಅಂಗೈಯಗಲ ಬಿಳಿಯ ಹೆಪ್ಪು ಅಂಟಿತ್ತು. ಮುಟ್ಟಿದೆ. ಬೆರಳ ಶಾಖಕ್ಕೆ ಕರಗಿತು. ಮೂಗಿನ ಹತ್ತಿರ ಹಿಡಿಯುವುದೇ ಬೇಕಿರಲಿಲ್ಲ. ಕೊಬ್ಬರಿ ಎಣ್ಣೆ, ಸುಟ್ಟ ಬತ್ತಿಯ ವಾಸನೆ, ನನ್ನ ದೇವರ ಗೂಡಿನ ವಾಸನೆ.

ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅತ್ತುಬಿಟ್ಟೆ ಅಂತ ಹೇಳಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅಳು ಬರಲಿಲ್ಲ. ಕಿವಿಯವರೆಗೂ ಬಿಸಿಯಾಯಿತು, ಅಷ್ಟೇ. ಎರಡು ಸಲ ಸೋಪು ಹಾಕಿ ಜಾಕೆಟ್ ತೊಳೆದೆ, ಒಣಗಿಸಿದೆ, ಇಸ್ತ್ರಿ ಮಾಡಿದೆ. ಮಾರನೆಯ ಸಂಜೆ ಅದನ್ನು ಮಡಿಚಿ ಹಿಡಿದು ಮೇಲಕ್ಕೆ ಹೋದೆ. ಆಂಟಿಯ ತಲೆ ಬಾಚುತ್ತಾ ಹಿಂದೆ ನಿಂತೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

"ಆಂಟಿ, ಅದು ಸೋಪಲ್ಲ. ನಮ್ಮ ದೀಪದ ಎಣ್ಣೆ. ನಾನೇ ಗಿಡಕ್ಕೆ ಹಾಕಿದ್ದೆ, ಮೆಟ್ಟಿಲಿಗೆ ಹರಿದದ್ದನ್ನ ನೋಡಿದ್ದೆ. ಒರೆಸಲಿಲ್ಲ. ನೀವು ಹೋದ ಮೇಲೆ ನಾನೇ ತೊಳೆದುಬಿಟ್ಟೆ. ಭಾಯ್ ಬಕೆಟ್ ಒಣಗಿತ್ತು, ಅದನ್ನೂ ನೋಡಿದ್ದೆ."

ಅವರು ತಿರುಗಲಿಲ್ಲ. ಬಾಚಣಿಗೆ ಅರ್ಧ ಕೂದಲಿನಲ್ಲಿ ನಿಂತಿತ್ತು.

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲಿನಿಂದ."

"ಬೀಳುದು ಆಗ್ತದೆ," ಅಂದರು. "ನನ್ನ ಕೈ ಮುರಿದದ್ದಕ್ಕೆ ನಂಗೆ ಸಿಟ್ಟಿಲ್ಲ. ವಾರ್ಡಿನಲ್ಲಿ ಎಷ್ಟು ಜನರನ್ನು ನೋಡಿದ್ದೇನೆ ಬಿದ್ದವರನ್ನು. ಆದ್ರೆ ಇಷ್ಟು ದಿನ ನೀನು ನಂಗೆ ಊಟ ಕೊಟ್ಟದ್ದು, ಕುಲ್‌ಕುಲ್ ಮಾಡಿದ್ದು, ಇದೆಲ್ಲ ಅದಕ್ಕೇ ಮಾಡಿದ್ದಾ?"

"ಗೊತ್ತಿಲ್ಲ ಆಂಟಿ."

"ನಂಗೆ ಸಹ ಗೊತ್ತಿಲ್ಲ." ಎಡಗೈಯಿಂದ ಬಾಚಣಿಗೆಯನ್ನು ಕಿತ್ತುಕೊಂಡರು. "ನಂಗೆ ಹೇಳಿ ಎಂತ ಪ್ರಯೋಜನ? ನನ್ನ ಕೆಲಸ ಹೋಗ್ಲಿಲ್ಲ. ಯಾರ ಕೆಲಸ ಹೋಯ್ತೋ ಅವನ ಹತ್ರ ಹೇಳು. ನಾಳೆ ತಲೆ ಬಾಚ್ಲಿಕ್ಕೆ ಬರ್ಬೇಡ."

ಮೆಟ್ಟಿಲಿಳಿದು ಬಂದು ನಮ್ಮೆಜಮಾನರಿಗೆ ಹೇಳಿದೆ, ಮಾಲೀಕರ ಹತ್ತಿರ ಹೋಗಬೇಕು ಅಂತ. ಅವರು ಎದ್ದು ಪ್ಯಾಂಟು ಹಾಕಿಕೊಂಡರು. ಒಬ್ಬಳನ್ನೇ ಕಳಿಸಲಿಲ್ಲ, ಅದಕ್ಕೆ ಅವರಿಗೆ ಋಣಿ.

ಮಾಲೀಕರು ತಮ್ಮ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಬೆಕ್ಕುಗಳಿಗೆ ಮೀನಿನ ತಲೆ ಹಾಕುತ್ತಿದ್ದರು. ಹಳೆಯ ಕಾಲದವರು, ಹಿಂದಿ ಚೆನ್ನಾಗಿ ಬರುತ್ತದೆ. ನಾನು ಹೇಳುತ್ತಾ ಹೋದೆ. ದೀಪ ಅಂದಾಗ ಮನಸ್ಸಿನಲ್ಲೇ ಅಂದುಕೊಂಡೆ: ಈಗ ಅನ್ನುತ್ತಾರೆ, ಇನ್ನು ಮೇಲೆ ಹೊರಗೆ ಏನೂ ಹಚ್ಚಬೇಡ ಅಂತ.

"ಗಿಡಕ್ಕೆ ಎಣ್ಣೆ ಯಾಕೆ ಹಾಕಿದೆ?" ಅಂದರು ಅವರು. "ಗಿಡ ಸಾಯುತ್ತದೆ."

"ನಮ್ಮಲ್ಲಿ ಹಾಗೆ ಪದ್ಧತಿ ಬಾಬಾ. ಕಾಲು ತುಳಿಯಬಾರದು ಅಂತ."

"ಹಾಗಾದರೆ ಮಣ್ಣು ಅಗೆದು ಹಾಕು. ನಾತೂರಿಗೆ ಹೇಳು, ಒಂದು ಗುಂಡಿ ತೋಡಿಕೊಡುತ್ತಾನೆ. ದೀಪಕ್ಕೆ ಏನು? ದೀಪ ಹಚ್ಚು. ನಾನು ಹುಡುಗನಾಗಿದ್ದಾಗ ಸೂಕಿನ ಪೇಟೆಯಲ್ಲಿ ನಿಮ್ಮ ಅಂಗಡಿಯವರೆಲ್ಲ ಹಚ್ಚುತ್ತಿದ್ದರು." ಆಮೇಲೆ ಬೆಕ್ಕನ್ನು ಪಕ್ಕಕ್ಕೆ ಸರಿಸಿ ನನ್ನ ಮುಖ ನೋಡಿದರು. "ಆದರೆ ಆ ಮನುಷ್ಯನ ಅನ್ನ ಕಿತ್ತುಕೊಂಡೆವಲ್ಲ ಮೇಡಂ. ಅದು ಹರಾಮ್. ಅವನಿಗೆ ಬರಬೇಡ ಅಂತ ನನ್ನ ಬಾಯಲ್ಲಿ ಹೇಳಿಸಿದಿರಿ ನೀವು."

ನಾನು ಯಾವುದಕ್ಕೆ ಹೆದರಿದೆ ಅಂತ ಇಷ್ಟು ದಿನ ಹೇಳಿಕೊಂಡಿದ್ದೆನೋ ಅದು ಒಂದು ಮಾತಿನಲ್ಲಿ ಮುಗಿದುಹೋಗಿತ್ತು. ದೀಪ ಉಳಿಯಿತು. ನನಗೆ ನಿಲ್ಲಲು ನೆಪವೇ ಉಳಿಯಲಿಲ್ಲ. ಅವರು ಅಲ್ಲೇ ಕೂತು ಬೀದಿಯ ಎರಡು ಮನೆಯವರಿಗೆ ಫೋನು ಮಾಡಿ ಅರಬಿಯಲ್ಲಿ ಏನೋ ಹೇಳಿದರು. ನಾತೂರನ್ನು ಕರೆದು ಬೈದರು. ಅವನು ನನ್ನನ್ನು ನೋಡಿದ ನೋಟವನ್ನು ಏನಂತ ಬರೆಯಲಿ, ಅದು ನನಗೆ ಸಲ್ಲಬೇಕಾದದ್ದೇ.

ಶನಿವಾರ ಟುಬ್ಲಿಗೆ ಹೋದೆವು. ಸಾಲು ಸಾಲು ಗ್ಯಾರೇಜು, ನೆಲವೆಲ್ಲ ಕಪ್ಪು ಗ್ರೀಸು, ಮಳೆ ನೀರು ಇನ್ನೂ ಹೊಂಡದಲ್ಲಿ ನಿಂತಿತ್ತು. ನಾಲ್ಕು ಕಡೆ ಕೇಳಿದ ಮೇಲೆ ಸಿಕ್ಕ. ಎತ್ತಿ ನಿಲ್ಲಿಸಿದ ಲಾರಿಯ ಕೆಳಗಿನಿಂದ ಹೊರಗೆ ಬಂದ. ಮೈಯೆಲ್ಲ ಒದ್ದೆ, ಮೆಹಂದಿ ಗಡ್ಡದಲ್ಲಿ ಎಣ್ಣೆ ಮಸಿ. ನಾನು ಜಾಕೆಟ್ ಕೊಟ್ಟೆ. ಅವನು ಕೈ ಒರೆಸಿಕೊಂಡು ಎರಡು ಬೆರಳಿನಲ್ಲಿ ತಗೊಂಡ. ಇಸ್ತ್ರಿಯ ಮಡಿಕೆಯನ್ನು ನೋಡಿದ.

ನಿಂತಲ್ಲೇ ಎಲ್ಲ ಹೇಳಿದೆ. ಗ್ಯಾರೇಜಿನ ಇನ್ನಿಬ್ಬರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

"ನನ್ನ ಬಕೆಟ್ ಒಣಗಿದ್ದು ನೀವು ನೋಡಿದ್ದಿರಿ," ಅಂದ.

"ನೋಡಿದ್ದೆ."

"ಮತ್ತೆ?"

ತಪ್ಪಾಯಿತು ಅಂದೆ. ಮಾಲೀಕರು ವಾಪಸು ಬಾ ಅಂದಿದ್ದಾರೆ ಅಂದೆ.

"ಅದಿರಲಿ. ಮನೆಯಲ್ಲಿ ನಂಬಲಿಲ್ಲ," ಅಂದ ಅವನು. "ಈ ಸಲ ಯಾಕೆ ಕೆಲಸ ಹೋಯಿತು ಅಂತ ಕೇಳಿದಳು ಹೆಂಡತಿ. ಹೀಗೀಗೆ ಅಂದೆ. ಸುಮ್ಮನೆ ಯಾರೂ ಓಡಿಸುವುದಿಲ್ಲ, ನೀನೇ ಏನೋ ಮಾಡಿದ್ದೀಯ ಅಂದಳು. ಅಮ್ಮನೂ ಹಾಗೇ ಅಂದಳು." ಜೇಬಿನಿಂದ ಫೋನು ತೆಗೆದ. ಗಾಜು ಒಡೆದ ಫೋನು. ಮನೆಗೆ ವೀಡಿಯೊ ಕಾಲ್ ಹಚ್ಚಿ ನನ್ನ ಕೈಗೆ ಕೊಟ್ಟ. "ಹೇಳಿ. ಅವಳಿಗೆ ಹಿಂದಿ ಅರ್ಥವಾಗುತ್ತೆ, ಧಾರಾವಾಹಿ ನೋಡಿ ನೋಡಿ."

ಪರದೆಯ ಮೇಲೆ ಒಬ್ಬ ಹೆಂಗಸು, ಸೆರಗು ಎಳೆದುಕೊಳ್ಳುತ್ತಾ. ಹಿಂದೆ ಒಲೆ ಉರಿಯುತ್ತಿತ್ತು. ಅಡುಗೆಯ ನಡುವೆ ಎದ್ದು ಬಂದಿದ್ದಳು, ನನ್ನ ಹಾಗೆಯೇ. ನಾನು ಹೇಳಿದೆ: ಅಕ್ಕ, ತಪ್ಪು ಇವರದ್ದಲ್ಲ. ಎಣ್ಣೆ ಚೆಲ್ಲಿದ್ದು ನಾನು. ಸುಳ್ಳು ಹೇಳಿದ್ದೂ ನಾನು. ಅವಳು ತಿರುಗಿ ಯಾರನ್ನೋ ಕೂಗಿದಳು. ಹಲ್ಲಿಲ್ಲದ ಮುದುಕಿಯೊಬ್ಬರು ಪರದೆಗೆ ಬಂದರು. ಅವರಿಗೆ ಮತ್ತೆ ಮೊದಲಿನಿಂದ ಹೇಳಿದೆ. ಅವರಿಗೆ ಹಿಂದಿ ತಿಳಿಯಲಿಲ್ಲ, ಸೊಸೆ ಬಂಗಾಳಿಯಲ್ಲಿ ವಿವರಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಗಂಡಸರೊಬ್ಬರು ಇಣುಕಿದರು. ಮೂರನೆಯ ಸಲ ಹೇಳಿದೆ. ಹೇಳಿದಷ್ಟೂ ಮಾತು ಚಿಕ್ಕದಾಗುತ್ತಾ ಬಂತು. ಕೊನೆಯ ಸಲ ದೀಪದ ವಿಷಯ ಬಿಟ್ಟೇಬಿಟ್ಟೆ. ನಾನು ಚೆಲ್ಲಿದೆ, ನಾನು ಮುಚ್ಚಿಟ್ಟೆ, ಇವರನ್ನು ಬಯ್ಯಿಸಿದೆ. ಅಷ್ಟೇ.

ಮುದುಕಿ ಏನೋ ಉದ್ದವಾಗಿ ಹೇಳಿದರು. ಭಾಯ್ ಫೋನು ವಾಪಸು ತಗೊಂಡ.

"ಏನಂದರು?"

"ನಿಮಗಲ್ಲ," ಅಂದ. "ನನಗೆ ಅಂದದ್ದು." ಫೋನನ್ನು ಜೇಬಿಗೆ ಹಾಕಿಕೊಂಡು ಒಂದು ಕ್ಷಣ ಕತ್ತು ಆ ಕಡೆ ತಿರುಗಿಸಿ ನಿಂತ.

ನಮ್ಮ ಕಾಂಪೌಂಡಿಗೆ ಬರುತ್ತೀಯಾ ಅಂತ ನಮ್ಮೆಜಮಾನರು ಕೇಳಿದರು. ಆ ಕಟ್ಟಡಕ್ಕೆ ಬರುವುದಿಲ್ಲ ಅಂದ. ಎದುರು ಸಾಲಿನ ಮನೆಗಳು ಕರೆದರೆ ಬರುತ್ತೇನೆ, ಈ ತಿಂಗಳ ಕೆಲಸ ಮುಗಿಸಿ. ಆಂಟಿಯ ಕೈ ಹೇಗಿದೆ ಅಂತ ಕೇಳಿದ. ಪರವಾಗಿಲ್ಲ, ಕೂಡುತ್ತಿದೆ ಅಂದೆ. ಜಾಕೆಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿ ಲಾರಿಯ ಕೆಳಗೆ ಹೋದ.

ಅವನು ಎದುರು ಸಾಲಿಗೆ ಬರಲು ಶುರು ಮಾಡಿ ಈಗ ಬಹಳ ದಿನವಾಯಿತು. ಕಂಡರೆ ತಲೆಯಾಡಿಸುತ್ತಾನೆ, ನಿಲ್ಲುವುದಿಲ್ಲ. ಆಂಟಿ ನಾಲ್ಕು ದಿನ ಮಾತಾಡದೆ, ಐದನೆಯ ದಿನ ತಲೆ ಸಿಕ್ಕಾಗಿದೆ ಅಂತ ಮೇಲಿನಿಂದಲೇ ಕೂಗಿ ಕರೆದರು. ಸ್ವಂತ ತಂಗಿ ಅನ್ನುವ ಮಾತನ್ನು ಮಾತ್ರ ಮತ್ತೆ ಯಾರ ಮುಂದೆಯೂ ಆಡಲಿಲ್ಲ. ನಾನೂ ಅದನ್ನು ಕಾಯುವುದಿಲ್ಲ.

ಆ ದಿನ ಟುಬ್ಲಿಯಿಂದ ಬರುವಾಗ ಕಾರು ನಡೆಸುತ್ತಿದ್ದವರು ನಮ್ಮೆಜಮಾನರು. ರಿಫಾ ಹತ್ತಿರ ಬಂದಾಗ "ಫೋನು ಕೊಟ್ಟನಲ್ಲ, ಅದೇ ದೊಡ್ಡದು," ಅಂದರು. ಹೂಂ ಅಂದೆ. ಆ ಸಂಜೆ ದೀಪದ ಮುಂದೆ ಮಡಿಚಲು ನನಗೂ ಅದೊಂದೇ ಸಿಕ್ಕಿತು.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಚಳಿಗಾಲದ ರಜೆ ಮುಗಿದು ಮಾರನೆಯ ದಿನ ಮಗಳ ಶಾಲೆ ಶುರು. ತಾರಸಿಯ ಮೇಲೆ ಅವಳ ಎರಡು ಜೊತೆ ಯೂನಿಫಾರಂ ಒಣಗಲು ಹಾಕಿದ್ದೆ, ಇಬ್ಬನಿ ಬಿದ್ದರೆ ಮತ್ತೆ ತೇವ ಹಿಡಿಯುತ್ತದೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಬಟ್ಟೆ ತರಲು ಮೇಲಕ್ಕೆ ಹೋದೆ.